ತುರ್ಕಿ ಪದ್ಧತಿಯ ಕರಿ ಚಹಾ : ನಮ್ಮ ಮನೆ ಹಾಗೂ ಅಂಗಡಿಗಳಲ್ಲಿ ತಯಾರಿಸುವ ಕ್ರಮ

ಗದಗ-ಬೆಟಗೇರಿಯ ಮಾರುಕಟ್ಟೆಯಲ್ಲಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಪೇಟೆಯಲ್ಲಾಗಲಿ, ಅಂಗಡಿಯ ಮೆಟ್ಟಿಲು ಹತ್ತಿದವರಿಗೆ ಮೊದಲು ಬರುವುದು ಚಹಾ, ಅನಂತರ ವ್ಯವಹಾರದ ಮಾತು. ಹೆಸರುಕಾಳಿನ ಮಾದರಿಯನ್ನು ಚೀಲದಲ್ಲಿ ಹಿಡಿದು ಅಡತಿ ಅಂಗಡಿಗೆ ಬಂದ ರೈತನಿಗೂ, ಬಾಕಿ ಕೇಳಲು ಬಂದ ಪರಊರಿನ ಸಾಹುಕಾರರಿಗೂ, ಅಚ್ಚಿನ ಕರಡು ತಿದ್ದಲು ಮುದ್ರಣಾಲಯದಲ್ಲಿ ಕುಳಿತವರಿಗೂ ಈ ಮರ್ಯಾದೆಯಲ್ಲಿ ಭೇದವಿಲ್ಲ. ಆದರೆ ಇದರಲ್ಲಿ ಒಂದು ತೊಡಕು ಸೇರಿಕೊಂಡಿರುವುದನ್ನು ವಾಣಿಜ್ಯ ಬಾಂಧವರು ಗಮನಿಸಿಯೇ ಇರುತ್ತೀರಿ. ಚಹಾದಂಗಡಿಯಿಂದ ಕೇಟಲಿ ಬರುವ ಹೊತ್ತಿಗೆ ಎಲ್ಲವೂ ತೀರ್ಮಾನವಾಗಿರುತ್ತದೆ. ಹಾಲು ಬಿದ್ದಿರುತ್ತದೆ, ಸಕ್ಕರೆ ಬಿದ್ದಿರುತ್ತದೆ, ಪುಡಿ ಬೇಕಾದುದಕ್ಕಿಂತ ಹೆಚ್ಚು ಕುದಿದಿರುತ್ತದೆ. ಸಕ್ಕರೆ ಕಾಯಿಲೆಯುಳ್ಳ ಗಿರಾಕಿಯು ಬೇಡವೆಂದರೆ ಮಾಲಕರು ಬೇಸರಪಟ್ಟಾರೆಂಬ ಸಂಕೋಚ. ಮಾಲಕರೋ “ಅರ್ಧಾ ಕಪ್ಪರ ತಗೋರಿ” ಎಂದು ಒತ್ತಾಯಿಸದೆ ಬಿಡುವವರಲ್ಲ. ಹೀಗೆ ದಿನಕ್ಕೆ ಏಳೆಂಟು ಅಂಗಡಿ ತಿರುಗುವ ಮಾರಾಟ ಪ್ರತಿನಿಧಿಯ ಹೊಟ್ಟೆಯ ಸ್ಥಿತಿಯನ್ನು ಊಹಿಸಿಕೊಳ್ಳಬಹುದು. ಗಾದಿಯ ಮೇಲೆ ದಿನವಿಡೀ ಕುಳಿತು, ಬಂದವರೆಲ್ಲರಿಗೆ ಜೊತೆಯಾಗಿ ಕುಡಿಯುವ ಮಾಲಕರ ಸ್ಥಿತಿಯೂ ಅದೇ.

ಇದೇ ಬಗೆಯ ವ್ಯಾಪಾರಿ ಸತ್ಕಾರವನ್ನು ನಮಗಿಂತ ಹೆಚ್ಚಿನ ಪ್ರಮಾಣದಲ್ಲಿ ನಡೆಸುವವರು ತುರ್ಕಿ ದೇಶದವರು. ತಲಾವಾರು ಚಹಾ ಬಳಕೆಯಲ್ಲಿ ಜಗತ್ತಿನ ಮೊದಲ ಸಾಲಿನಲ್ಲಿರುವ ಆ ದೇಶದ ಜನ ಚಹಾಕ್ಕೆ ಹಾಲು ಹಾಕುವುದಿಲ್ಲ, ಎಲೆಯನ್ನು ಕುದಿಸುವುದಿಲ್ಲ, ಸಕ್ಕರೆಯನ್ನು ಮೊದಲೇ ಬೆರೆಸುವುದಿಲ್ಲ. ಒಂದು ಪಾತ್ರೆಯಲ್ಲಿ ಗಟ್ಟಿಯಾದ ಚಹಾದ ರಸ, ಇನ್ನೊಂದರಲ್ಲಿ ಬರಿಯ ಬಿಸಿನೀರು. ಕುಡಿಯುವವರ ಇಚ್ಛೆಯಂತೆ ಎರಡನ್ನೂ ಲೋಟದಲ್ಲಿಯೇ ಕೂಡಿಸುತ್ತಾರೆ. ಈ ಪದ್ಧತಿಯನ್ನು ನಮ್ಮ ಮನೆಯ ಪಾತ್ರೆಗಳಿಂದಲೇ, ನಮ್ಮ ದೇಶದ ಎಲೆಯಿಂದಲೇ ಅನುಸರಿಸುವುದು ಹೇಗೆ, ಅದಕ್ಕೆ ನಮ್ಮ ಭಾಗದ ನೀರು ಒಡ್ಡುವ ಅಡಚಣೆ ಯಾವುದು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಮೊದಲಿಗೆ ಒಂದು ಸ್ಪಷ್ಟೀಕರಣ. 2025ರ ಮೇ ತಿಂಗಳ ಘಟನೆಗಳ ತರುವಾಯ ತುರ್ಕಿಯ ಸೇಬು, ಅಮೃತಶಿಲೆ ಮುಂತಾದವುಗಳನ್ನು ತರಿಸಬಾರದೆಂದು ದೇಶದ ವ್ಯಾಪಾರಿ ಸಂಘಟನೆಗಳು ಕರೆ ಕೊಟ್ಟದ್ದು ಓದುಗರ ನೆನಪಿನಲ್ಲಿದೆ. ಇಲ್ಲಿ ಹೇಳುತ್ತಿರುವುದು ಆ ದೇಶದ ಸರಕಿನ ವಿಷಯವಲ್ಲ. ಬೇಕಾದ ಎಲೆ ನೀಲಗಿರಿಯಲ್ಲಿಯೇ ಬೆಳೆಯುತ್ತದೆ. ಪಡೆಯುವುದು ಕ್ರಮವನ್ನು ಮಾತ್ರ.

ಹೆಸರಿನ ನಂಟು, ಕಾಫಿಯ ಕಥೆ

ಹಳೆಯ ಮೈಸೂರು ಭಾಗದವರು ‘ಟೀ’ ಎನ್ನುವುದನ್ನು ನಾವು ‘ಚಹಾ’ ಎನ್ನುತ್ತೇವೆ. ತುರ್ಕರು ‘ಚಾಯ್’ ಎನ್ನುತ್ತಾರೆ. ಎಲ್ಲವೂ ಚೀನದ ಮಾತುಗಳೇ. ಚೀನದ ಆಗ್ನೇಯ ಕರಾವಳಿಯ ಬಂದರಿನಿಂದ ಡಚ್ಚರ ಹಡಗು ಏರಿದ ಮಾತು ‘ಟೀ’ ಆಯಿತು. ಭೂಮಾರ್ಗವಾಗಿ ಪರ್ಷಿಯಾದ ಕಡೆ ಸಾಗಿದ್ದು ‘ಚಾಯ್’ ಆಯಿತು. ಪಾತ್ರೆಯ ಲೋಕದಲ್ಲಿಯೂ ಇಂತಹ ನಂಟು ಉಂಟು. ತಾಮ್ರದ ಪಾತ್ರೆಗೆ ತವರ ಬಳಿಯುವುದಕ್ಕೆ ನಾವು ಕಲಾಯಿ ಎನ್ನುತ್ತೇವೆ. ತುರ್ಕಿ ಭಾಷೆಯಲ್ಲಿ ತವರದ ಹೆಸರೇ ‘ಕಲಾಯ್’.

ತುರ್ಕಿ ಎಂದೊಡನೆ ಕಾಫಿ ನೆನಪಾಗುವುದು ಸಹಜ. ಬಾಬಾ ಬುಡನ್‌ರವರು ಯಮನ್ ದೇಶದ ಮೋಕಾ ಬಂದರಿನಿಂದ ಏಳು ಕಾಫಿ ಬೀಜಗಳನ್ನು ಚಿಕ್ಕಮಗಳೂರಿನ ಗಿರಿಗೆ ತಂದರೆಂಬುದು ನಮ್ಮ ನಾಡಿನ ಪ್ರತೀತಿ. ಆ ಯಮನ್ ಒಂದು ಕಾಲಕ್ಕೆ ತುರ್ಕರ ಸಾಮ್ರಾಜ್ಯಕ್ಕೆ ಸೇರಿದ್ದಾಗಿತ್ತು. ಮೊದಲ ಮಹಾಯುದ್ಧದ ನಂತರ ಸಾಮ್ರಾಜ್ಯ ಕಳಚಿಬಿದ್ದು ಯಮನ್ ಕೈತಪ್ಪಿದಾಗ ಕಾಫಿ ಅವರಿಗೆ ಹೊರದೇಶದ ದುಬಾರಿ ಸರಕಾಯಿತು. ಹೊಸ ಗಣರಾಜ್ಯವು ಕಪ್ಪು ಸಮುದ್ರದ ದಂಡೆಯ ರಿಝೆ ಪ್ರಾಂತದಲ್ಲಿ ಚಹಾ ಬೆಳೆಸಲು 1924ರಲ್ಲಿ ಕಾನೂನು ಮಾಡಿತು. 1937ರಲ್ಲಿ ನೆರೆಯ ಜಾರ್ಜಿಯಾದಿಂದ 20 ಟನ್ ಬೀಜ ತರಿಸಲಾಯಿತು. 1947ರಲ್ಲಿ ರಿಝೆಯಲ್ಲಿ ಮೊದಲ ಕಾರ್ಖಾನೆ ಆರಂಭವಾಯಿತು. 1984ರವರೆಗೆ ಚಹಾ ವ್ಯವಹಾರ ಸರ್ಕಾರದ ಏಕಸ್ವಾಮ್ಯದಲ್ಲಿಯೇ ಇದ್ದು, ಅನಂತರ ಖಾಸಗಿಯವರಿಗೂ ತೆರೆಯಿತು. ಎಂದರೆ ಇಂದು ‘ಪುರಾತನ ಸಂಪ್ರದಾಯ’ವೆಂದು ಹೇಳಲಾಗುವ ತುರ್ಕಿ ಚಹಾ, ಮನೆಮನೆಯ ರೂಢಿಯಾಗಿ ನೂರು ವರ್ಷವೂ ಆಗಿಲ್ಲ. ಆದರೂ 2022ರಲ್ಲಿ ಯುನೆಸ್ಕೋ ಸಂಸ್ಥೆಯು ತುರ್ಕಿ ಹಾಗೂ ಅಝರ್‌ಬೈಜಾನ್ ದೇಶಗಳ ಚಹಾ ಸಂಸ್ಕೃತಿಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ನಮ್ಮ ಹಾಲಿನ ಚಹಾದ ವಯಸ್ಸೂ ಹೆಚ್ಚಿನದಲ್ಲ. ಭಾರತದಲ್ಲಿ ಬೆಳೆದ ಚಹಾ ಬಹುಪಾಲು ಹಡಗೇರಿ ಹೋಗುತ್ತಿದ್ದ ಕಾಲದಲ್ಲಿ, 1903ರಲ್ಲಿ ಬ್ರಿಟಿಷ್ ಸರ್ಕಾರವು ಚಹಾದ ಮೇಲೆ ವಿಶೇಷ ಕರ ವಿಧಿಸಿ, ಆ ಹಣದಿಂದ ಪ್ರಚಾರ ಕೈಗೊಂಡಿತು. ರೈಲು ನಿಲ್ದಾಣಗಳಲ್ಲಿ, ಸಂತೆಗಳಲ್ಲಿ, ಕಾರ್ಖಾನೆಗಳಲ್ಲಿ ಪ್ರಚಾರಕರು ಚಹಾ ಮಾಡಿ ತೋರಿಸಿದರು. ಅವರು ಕಲಿಸಿದ್ದು ಎಲೆಯ ಮೇಲೆ ಬಿಸಿನೀರು ಸುರಿದು ಕೆಲ ನಿಮಿಷ ಮುಚ್ಚಿಡುವ ಕ್ರಮ. ನಮ್ಮ ಚಹಾದಂಗಡಿಯವರು ಅದನ್ನು ಕೇಳಿ, ತಮ್ಮ ಲೆಕ್ಕ ತಾವು ಹಾಕಿದರು. ಎಲೆ ದುಬಾರಿ, ಆದ್ದರಿಂದ ಕಡಿಮೆ ಎಲೆಯಿಂದ ಹೆಚ್ಚು ಬಣ್ಣ ಬರಬೇಕು. ಅದಕ್ಕೆ ಕುದಿಸಬೇಕು. ಕುದಿಸಿದರೆ ಒಗರು. ಒಗರು ಮುರಿಯಲು ಹಾಲು, ಸಕ್ಕರೆ, ಶುಂಠಿ. 1930ರ ದಶಕದಲ್ಲಿ ಅಸ್ಸಾಮಿನಲ್ಲಿ ರೂಪುಗೊಂಡ ಸಿಟಿಸಿ ಯಂತ್ರವು, ಎಂದರೆ ಎಲೆಯನ್ನು ಜಜ್ಜಿ, ಹರಿದು, ಕಾಳಿನಂತೆ ಸುರುಳಿಗೊಳಿಸುವ ಯಂತ್ರವು, ಈ ಲೆಕ್ಕಕ್ಕೆ ಹೇಳಿ ಮಾಡಿಸಿದಂತಿತ್ತು. ಸ್ವಾತಂತ್ರ್ಯಾನಂತರ ಸಿಟಿಸಿ ಪುಡಿ ಅಗ್ಗವಾಗಿ ಹರಡಿದಂತೆ ಕುದಿಸಿದ ಹಾಲಿನ ಚಹಾ ಹಳ್ಳಿಹಳ್ಳಿಗೆ ತಲುಪಿತು. ಮಿರ್ಚಿ, ಗಿರ್ಮಿಟ್ಟಿನ ಮೇಲೆ ಅದಿಲ್ಲದೆ ನಮಗೆ ಸಮಾಧಾನವಿಲ್ಲ. ಅದನ್ನು ಬಿಡಬೇಕೆಂದು ಈ ಲೇಖಕನು ಹೇಳುವುದಿಲ್ಲ, ತಾನೂ ಬಿಟ್ಟಿಲ್ಲ.

ಎಲೆಯ ಆಯ್ಕೆ

ಮೊದಲ ಬಾರಿ ಈ ಪ್ರಯೋಗ ಮಾಡಿದಾಗ ಲೇಖಕನು ಮನೆಯಲ್ಲಿದ್ದ ಸಾಮಾನ್ಯ ಚಹಾಪುಡಿಯನ್ನೇ ಬಳಸಿದ. ಹದಿನೈದು ನಿಮಿಷ ಕಳೆಯುವಷ್ಟರಲ್ಲಿ ಮೇಲಿನ ಪಾತ್ರೆಯಲ್ಲಿದ್ದುದು ಶಾಯಿಯಂತಾಗಿತ್ತು. ನೀರು ಬೆರೆಸಿದರೂ ನಾಲಿಗೆ ಒಣಗುವಷ್ಟು ಒಗರು. ಮನೆಯವರು ಒಂದು ಗುಟುಕು ಕುಡಿದು, ಉಳಿದುದಕ್ಕೆ ಹಾಲು ಸುರಿದು ಕುದಿಸಿ ಹೇಗೋ ತೀರಿಸಿದರು. ತಪ್ಪು ಪುಡಿಯದಲ್ಲ, ಅದನ್ನು ಆರಿಸಿದವನದು. ಸಿಟಿಸಿಯ ಕಾಳು ತನ್ನ ರಸವನ್ನು ಎರಡು ಮೂರು ನಿಮಿಷಗಳಲ್ಲಿ ಬಿಟ್ಟುಬಿಡುತ್ತದೆ. ಅದರ ಒಗರನ್ನು ಹಾಲಿನಲ್ಲಿರುವ ಪ್ರೋಟೀನು ಹಿಡಿದಿಡುವುದರಿಂದಲೇ ನಮ್ಮ ಚಹಾ ಮೃದುವೆನಿಸುವುದು. ಹಾಲಿಲ್ಲದ ಕಡೆ ಆ ರಕ್ಷಣೆ ಇರುವುದಿಲ್ಲ.

ಆದ್ದರಿಂದ ಬೇಕಾದುದು ‘ಆರ್ಥೊಡಾಕ್ಸ್’ ಎಂದು ವ್ಯಾಪಾರದಲ್ಲಿ ಕರೆಯಲಾಗುವ ಎಲೆ ಚಹಾ. ಇದರಲ್ಲಿ ಎಲೆಯನ್ನು ಹರಿಯದೆ ಹೊಸೆದು ಒಣಗಿಸಿರುತ್ತಾರೆ. ನಿಧಾನವಾಗಿ ರಸ ಬಿಡುವ ಇದು ಹದಿನೈದು ನಿಮಿಷದ ಬಿಸಿಯನ್ನು ತಾಳಿಕೊಳ್ಳುತ್ತದೆ. ತುರ್ಕಿಯ ತೋಟಗಳು ಉತ್ತರಕ್ಕೆ 41ನೆಯ ಅಕ್ಷಾಂಶದ ಸುಮಾರಿಗಿವೆ. ಚಳಿಗಾಲದಲ್ಲಿ ಗಿಡಗಳ ಮೇಲೆ ಹಿಮ ಬೀಳುತ್ತದೆ. ಕೊಯ್ಲು ಮೇ ತಿಂಗಳಿನಿಂದ ಅಕ್ಟೋಬರವರೆಗೆ ಮಾತ್ರ. ಅಲ್ಲಿನ ಎಲೆಯ ಗುಣಕ್ಕೆ ನಮ್ಮಲ್ಲಿ ಸಮೀಪದ್ದೆಂದರೆ ನೀಲಗಿರಿಯ ಆರ್ಥೊಡಾಕ್ಸ್. ಅದರಲ್ಲಿ ಬಿಒಪಿ ಎಂಬ ತುಂಡೆಲೆಯ ದರ್ಜೆ ಈ ಕೆಲಸಕ್ಕೆ ಅನುಕೂಲ. ಡಾರ್ಜಿಲಿಂಗ್ ಎಲೆ ಇದಕ್ಕೆ ತೆಳುವಾಗುತ್ತದೆ, ಮೇಲಾಗಿ ಅದರ ಬೆಲೆಗೆ ಇಷ್ಟು ಹೊತ್ತು ಬಿಸಿಯ ಮೇಲಿಡುವುದು ಅನ್ಯಾಯ. ನಮ್ಮ ನಾಲ್ಕೂ ಊರುಗಳ ಕಿರಾಣಿ ಅಂಗಡಿಗಳಲ್ಲಿ ದೊರೆಯುವುದು ಬಹುಪಾಲು ಸಿಟಿಸಿ. ಎಲೆ ಚಹಾ ಬೇಕೆಂದು ಹೇಳಿ ತರಿಸಿಕೊಳ್ಳಬೇಕು. ಕೂನೂರು ಹರಾಜು ಮಾರುಕಟ್ಟೆಯ ಸರಕು ವ್ಯವಹರಿಸುವ ಸಗಟು ವ್ಯಾಪಾರಿಗಳಿಗೆ ಇದು ಕಷ್ಟದ ಕೆಲಸವಲ್ಲ.

ಪಾತ್ರೆಗಳು

ತುರ್ಕಿಯಲ್ಲಿ ಇದಕ್ಕೆ ‘ಚಾಯ್‌ದಾನ್‌ಲಿಕ್’ ಎಂಬ ಜೋಡಿ ಕೇಟಲಿ ಉಂಟು. ಕೆಳಗಿನದು ದೊಡ್ಡದು, ನೀರಿಗೆ. ಅದರ ಬಾಯಿಯ ಮೇಲೆ ಕೂರುವುದು ಚಿಕ್ಕದು, ಎಲೆಗೆ. ಕೆಳಗಿನ ನೀರಿನ ಉಗಿಯೇ ಮೇಲಿನದನ್ನು ಬೆಚ್ಚಗಿಡುತ್ತದೆ. ಮೇಲಿನದಕ್ಕೆ ನೇರ ಉರಿ ತಾಗುವುದೇ ಇಲ್ಲ. ಈ ಪದ್ಧತಿಯ ಗುಟ್ಟೆಲ್ಲ ಇಲ್ಲಿದೆ. ನೇರ ಉರಿಯಿಲ್ಲದ ಕಾರಣ ಎಲೆ ಕುದಿಯುವುದಿಲ್ಲ, ಉಗಿಯಿರುವ ಕಾರಣ ಆರುವುದೂ ಇಲ್ಲ.

ಹಳೆಯ ಕಾಲದವರು, ಈಗಲೂ ತೋಟ ಕಟ್ಟೆಗಳಲ್ಲಿ, ‘ಸೆಮಾವೆರ್’ ಬಳಸುತ್ತಾರೆ. ಅದರ ರಚನೆಯನ್ನು ನಮ್ಮವರಿಗೆ ವಿವರಿಸುವುದು ಬಹಳ ಸುಲಭ. ಸ್ನಾನದ ನೀರು ಕಾಯಿಸುವ ನಮ್ಮ ತಾಮ್ರದ ಬಂಬನ್ನು ಚಿಕ್ಕದು ಮಾಡಿದರೆ ಅದೇ. ನಡುವೆ ಕೆಂಡದ ಕೊಳವೆ, ಸುತ್ತಲೂ ನೀರು, ಕೆಳಗೆ ನಳ. ಕೊಳವೆಯ ತಲೆಯ ಮೇಲೆ ಚಹಾದ ಗಿಂಡಿಯನ್ನು ಇಡುತ್ತಾರೆ, ಅಷ್ಟೇ ವ್ಯತ್ಯಾಸ.

ನಮ್ಮ ಮನೆಗಳಲ್ಲಿ ಜೋಡಿ ಕೇಟಲಿ ಇಲ್ಲದಿದ್ದರೆ ಅಡ್ಡಿಯಿಲ್ಲ. ಮೂತಿಯುಳ್ಳ ಎರಡು ಲೀಟರಿನ ಸ್ಟೀಲ್ ಕೇಟಲಿಯ ಮುಚ್ಚಳ ತೆಗೆದು, ಅದರ ಬಾಯಿಯ ಮೇಲೆ ಅಲ್ಲಾಡದಂತೆ ಕೂರುವ ಸ್ಟೀಲ್ ತಂಬಿಗೆಯನ್ನು ಇಟ್ಟು, ತಂಬಿಗೆಗೆ ತಟ್ಟೆ ಮುಚ್ಚಿದರೆ ಸಾಕು. ಕೆಳಗಿನ ಪಾತ್ರೆಗೆ ಮೂತಿ ಇರಲೇಬೇಕು. ಉಗಿ ಹೊರಹೋಗಲು ದಾರಿಯಿಲ್ಲದಿದ್ದರೆ ಮೇಲಿನ ತಂಬಿಗೆ ಎಗರಿ ಬಿಸಿನೀರು ಮೈಮೇಲೆ ಬೀಳುವ ಅಪಾಯವುಂಟು. ಅಲ್ಯೂಮಿನಿಯಂ ಪಾತ್ರೆ ಬೇಡ. ಕಲಾಯಿ ಹೋದ ತಾಮ್ರ, ಹಿತ್ತಾಳೆಗಳೂ ಬೇಡ.

ತಯಾರಿಸುವ ಕ್ರಮ

ಹತ್ತರಿಂದ ಹನ್ನೆರಡು ಸಣ್ಣ ಲೋಟಗಳಿಗೆ 15 ಗ್ರಾಂ ಎಲೆ, ಎಂದರೆ ಆರರಿಂದ ಏಳು ಚಹಾ ಚಮಚ, ಬೇಕಾಗುತ್ತದೆ. ಎಲೆಯನ್ನು ಸೋಸಣಿಗೆಯಲ್ಲಿ ಹಾಕಿ ತಣ್ಣೀರನ್ನು ಒಮ್ಮೆ ಹಾಯಿಸಿ ತೆಗೆದರೆ ದೂಳು ಹೋಗಿ ರಸ ತಿಳಿಯಾಗುತ್ತದೆ. ತೊಯ್ದ ಎಲೆಯನ್ನು ಮೇಲಿನ ಪಾತ್ರೆಗೆ ಹಾಕಿ, ನೀರು ತುಂಬಿದ ಕೆಳಗಿನ ಪಾತ್ರೆಯ ಮೇಲಿಟ್ಟು ಒಲೆ ಹೊತ್ತಿಸಬೇಕು. ನೀರು ಕಾಯುವವರೆಗೆ ಎಲೆ ಉಗಿಯಲ್ಲಿ ಬೆಚ್ಚಗಾಗಿ ಪರಿಮಳ ಬಿಡಲಾರಂಭಿಸುತ್ತದೆ. ಈ ಹಂತವನ್ನು ಅವಸರದಲ್ಲಿ ಬಿಟ್ಟುಬಿಡುವವರಿದ್ದಾರೆ, ಬಿಡಬಾರದು.

ನೀರು ಚೆನ್ನಾಗಿ ಕುದಿ ಬಂದ ಮೇಲೆ ಅದರಲ್ಲಿ ಸುಮಾರು ಅರ್ಧ ಲೀಟರನ್ನು ಎಲೆಯ ಮೇಲೆ ನಿಧಾನವಾಗಿ ಸುರಿಯಬೇಕು. ಕಲಕಬಾರದು. ಕೆಳಗಿನ ಪಾತ್ರೆಗೆ ಮತ್ತೆ ನೀರು ತುಂಬಿ, ಮೇಲಿನದನ್ನು ಅದರ ಮೇಲಿಟ್ಟು, ಉರಿಯನ್ನು ಅತಿ ಸಣ್ಣದು ಮಾಡಿ ಹದಿನೈದು ನಿಮಿಷ ಬಿಡಬೇಕು. ಮೊದಲು ತೇಲುತ್ತಿದ್ದ ಎಲೆಯೆಲ್ಲ ತಳಕ್ಕೆ ಇಳಿದಿದ್ದರೆ ಹದ ಬಂದಿತೆಂದು ತಿಳಿಯಬಹುದು. ಗಡಿಯಾರಕ್ಕಿಂತ ಈ ಗುರುತೇ ನಂಬಿಕೆಯದು.

ಬಡಿಸುವಾಗ ಲೋಟದ ಮೂರನೆಯ ಒಂದು ಭಾಗದಷ್ಟು ರಸವನ್ನು ಸೋಸಿ, ಉಳಿದುದಕ್ಕೆ ಕೆಳಗಿನ ಪಾತ್ರೆಯ ಕುದಿನೀರನ್ನು ಹಾಕಬೇಕು. ಗಟ್ಟಿ ಬೇಕೆನ್ನುವವರಿಗೆ ಅರ್ಧದಷ್ಟು ರಸ, ತೆಳು ಬೇಕೆನ್ನುವವರಿಗೆ ಕಾಲು ಭಾಗ. ಹದವಾದ ಬಣ್ಣಕ್ಕೆ ತುರ್ಕರು ‘ಮೊಲದ ನೆತ್ತರು’ ಎಂಬ ಹೆಸರಿಟ್ಟಿದ್ದಾರೆ. ನಮ್ಮಲ್ಲಿ ಅನೇಕರಿಗೆ ಈ ಹೋಲಿಕೆ ರುಚಿಸಲಾರದು. ಮಾಗಿದ ದಾಳಿಂಬೆಯ ಕಾಳನ್ನು ಬೆಳಕಿಗೆ ಹಿಡಿದರೆ ಕಾಣುವ ಕೆಂಪೆಂದು ತಿಳಿದರೆ ಸಾಕು. ಬಣ್ಣ ಕಾಣಬೇಕೆಂದೇ ಅವರು ಪಿಂಗಾಣಿಯ ಕಪ್ಪನ್ನು ಬಳಸದೆ, ನಡು ಸಣ್ಣಗಿರುವ ಸುಮಾರು 100 ಮಿಲಿಲೀಟರಿನ ಗಾಜಿನ ಲೋಟ ಬಳಸುತ್ತಾರೆ. ನಮ್ಮ ಚಹಾದಂಗಡಿಯ ಗಾಜಿನ ಲೋಟವೂ ನಡೆಯುತ್ತದೆ.

ಸಕ್ಕರೆಯ ಎರಡು ಸಣ್ಣ ಚೌಕಗಳು ಬಸಿಯಲ್ಲಿ ಬೇರೆಯಾಗಿಯೇ ಬರುತ್ತವೆ. ಬೇಕಾದವರು ಹಾಕಿಕೊಳ್ಳುತ್ತಾರೆ, ಬೇಡವಾದವರು ಬಿಡುತ್ತಾರೆ. ಯಾರೂ ಯಾರಿಗೂ ಕಾರಣ ಹೇಳಬೇಕಾಗಿಲ್ಲ. ತುರ್ಕಿಯ ಪೂರ್ವ ಭಾಗದ ಎರ್ಝುರುಮ್ ಪ್ರಾಂತದವರು ಸಕ್ಕರೆಯ ಗಟ್ಟಿ ಹರಳನ್ನು ಬಾಯಲ್ಲಿಟ್ಟುಕೊಂಡು ಚಹಾವನ್ನು ಹೀರುತ್ತಾರೆ. ಬಿಸಿಲಲ್ಲಿ ಬಂದವರಿಗೆ ಬೆಲ್ಲದ ಚೂರು, ನೀರು ಕೊಡುವ ನಮ್ಮ ಹಿರಿಯರ ಪದ್ಧತಿಯನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ಸಣ್ಣ ಬೆಲ್ಲದ ತುಣುಕಿನೊಡನೆ ಈ ಕರಿ ಚಹಾ ಬಹಳ ಹೊಂದುತ್ತದೆ.

ನೀರಿನ ಪ್ರಶ್ನೆ

ಇಲ್ಲಿಯವರೆಗಿನದು ಯಾವ ಊರಿಗಾದರೂ ಅನ್ವಯಿಸುವ ಮಾತು. ನಮ್ಮ ಭಾಗಕ್ಕೆ ವಿಶೇಷವಾಗಿ ಹೇಳಬೇಕಾದುದು ನೀರಿನ ವಿಷಯ. ಹಾಲಿನ ಚಹಾದಲ್ಲಿ ನೀರಿನ ದೋಷ ಮುಚ್ಚಿಹೋಗುತ್ತದೆ. ಕರಿ ಚಹಾದಲ್ಲಿ ಲೋಟದ ಹತ್ತರಲ್ಲಿ ಹತ್ತು ಪಾಲೂ ನೀರೇ ಆದ್ದರಿಂದ ಅಲ್ಲಿ ಯಾವುದೂ ಅಡಗುವುದಿಲ್ಲ.

ನಮ್ಮ ಕೊಳವೆ ಬಾವಿಗಳ ನೀರು ಬಹುಮಟ್ಟಿಗೆ ಗಡಸು. ಗಡಸು ನೀರಿನಲ್ಲಿರುವ ಸುಣ್ಣದ ಅಂಶವು ಚಹಾದ ರಸದೊಡನೆ ಸೇರಿ ಮೇಲೆ ಎಣ್ಣೆಯಂತಹ ತೆಳು ಪೊರೆ ಕಟ್ಟುತ್ತದೆ. ಬಣ್ಣ ಕೆಂಪಿನ ಬದಲು ಮಂಕು ಕಂದಾಗುತ್ತದೆ, ರುಚಿ ಚಪ್ಪಟೆಯಾಗುತ್ತದೆ. ಇಂತಹ ಪೊರೆ ಕಂಡು ಪುಡಿಯೇ ಕಲಬೆರಕೆಯೆಂದು ಕಿರಾಣಿಯವರೊಡನೆ ಜಗಳಕ್ಕೆ ನಿಂತವರುಂಟು. ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ, ತಳದಲ್ಲಿ ನಿಂತ ಬಿಳಿ ಪುಡಿಯನ್ನು ಬಿಟ್ಟು ಮೇಲಿನ ತಿಳಿಯನ್ನು ಬಳಸಿದರೆ ಗಡಸುತನದ ಒಂದು ಭಾಗ ಹೋಗುತ್ತದೆ, ಪೂರ್ತಿಯಲ್ಲ.

ಆದರೆ ಕುದಿಸಿದರೆ ಹೋಗದ ಇನ್ನೊಂದು ಪದಾರ್ಥವುಂಟು. ಅದು ಫ್ಲೋರೈಡ್. ಗದಗ ಜಿಲ್ಲೆಯ, ವಿಶೇಷವಾಗಿ ಮುಂಡರಗಿ ತಾಲೂಕಿನ, ಅಂತರ್ಜಲದಲ್ಲಿ ಇದರ ಪ್ರಮಾಣ ಹೆಚ್ಚಿರುವುದು ಅಧ್ಯಯನಗಳಿಂದ ತಿಳಿದ ಸಂಗತಿ. ಹಲ್ಲು ಕಂದುಗಟ್ಟುವುದು, ಮೂಳೆ ಕೀಲುಗಳು ಬಿಗಿಯಾಗುವುದು ಇದರ ಪರಿಣಾಮ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರಬಾರದೆಂದು, ಬೇರೆ ಮೂಲವೇ ಇಲ್ಲದಿದ್ದಲ್ಲಿ ಹೆಚ್ಚೆಂದರೆ 1.5 ಮಿಲಿಗ್ರಾಂ ಇರಬಹುದೆಂದು ಭಾರತೀಯ ಮಾನಕ ಬ್ಯೂರೋ ನಿಗದಿಪಡಿಸಿದೆ. ನೀರನ್ನು ಕುದಿಸಿದಷ್ಟೂ ಆವಿಯಾಗುವುದು ನೀರು ಮಾತ್ರ, ಫ್ಲೋರೈಡ್ ಉಳಿದು ಸಾಂದ್ರವಾಗುತ್ತದೆ. ಸಾಲದೆಂಬಂತೆ ಚಹಾದ ಗಿಡವು ಮಣ್ಣಿನಿಂದ ಫ್ಲೋರೈಡನ್ನು ಹೀರಿ ಎಲೆಯಲ್ಲಿ ಕೂಡಿಡುವ ಸ್ವಭಾವದ್ದು. ಬಲಿತ ಎಲೆಯಲ್ಲಿ ಇದು ಹೆಚ್ಚು, ಚಿಗುರಿನಲ್ಲಿ ಕಡಿಮೆ. ಎಂದಮೇಲೆ ದೋಷವುಳ್ಳ ಕೊಳವೆ ಬಾವಿಯ ನೀರಿನಲ್ಲಿ, ಬಲಿತ ಎಲೆಯ ಅಗ್ಗದ ಚಹಾವನ್ನು ಗಟ್ಟಿಯಾಗಿ ಮಾಡಿ ದಿನಕ್ಕೆ ಹತ್ತು ಲೋಟ ಕುಡಿದರೆ ಎರಡೂ ಕಡೆಯ ಪಾಲು ಶರೀರಕ್ಕೆ ಸೇರುತ್ತದೆ. ಇದು ಹಾಲಿನ ಚಹಾಕ್ಕೂ ಅನ್ವಯಿಸುವ ಮಾತೇ. ಆದರೆ ಲೋಟದ ತುಂಬ ನೀರೇ ಇರುವ ಕರಿ ಚಹಾಕ್ಕೆ ಹೆಚ್ಚು ಅನ್ವಯಿಸುತ್ತದೆ.

ಆದುದರಿಂದ ಕೊಳವೆ ಬಾವಿಯ ನೀರನ್ನು ಪರೀಕ್ಷೆ ಮಾಡಿಸದೆ ಈ ಚಹಾಕ್ಕೆ ಬಳಸಬಾರದೆಂಬುದು ಲೇಖಕನ ಸ್ಪಷ್ಟ ಅಭಿಪ್ರಾಯ. ಹಳ್ಳಿ ಪಟ್ಟಣಗಳಲ್ಲಿ ಸ್ಥಾಪನೆಯಾಗಿರುವ ಶುದ್ಧ ಕುಡಿಯುವ ನೀರಿನ ಘಟಕಗಳಿಂದ ತಂದ ಕ್ಯಾನಿನ ನೀರು ಒಳ್ಳೆಯದು, ಘಟಕದ ಪೊರೆಯನ್ನು ಕಾಲಕಾಲಕ್ಕೆ ಬದಲಿಸುತ್ತಿದ್ದಾರೆಯೇ ಎಂದು ವಿಚಾರಿಸಿಕೊಂಡರೆ ಇನ್ನೂ ಒಳ್ಳೆಯದು. ಆ ನೀರಿನಲ್ಲಿ ಚಹಾದ ಬಣ್ಣ ತಿಳಿಯಾಗಿ ಬರುತ್ತದೆ. ತೆಳುವಾಯಿತೆಂದು ಭ್ರಮಿಸಿ ಎಲೆಯನ್ನು ಹೆಚ್ಚಿಸಬೇಕಾಗಿಲ್ಲ. ಅವಳಿ ನಗರದ ನಳದಲ್ಲಿ ಬರುವ ತುಂಗಭದ್ರೆಯ ನೀರಿನಲ್ಲಿ ಕ್ಲೋರಿನ್ ವಾಸನೆ ಇದ್ದರೆ, ಅಗಲ ಬಾಯಿಯ ಪಾತ್ರೆಗೆ ತೆಳು ಬಟ್ಟೆ ಕಟ್ಟಿ ಒಂದು ರಾತ್ರಿ ಇಟ್ಟರೆ ವಾಸನೆ ಬಹುಮಟ್ಟಿಗೆ ಇಳಿಯುತ್ತದೆ.

ಪುಡಿಯ ಪರೀಕ್ಷೆ

ಕರಿ ಚಹಾದ ಮತ್ತೊಂದು ಉಪಯೋಗ ವ್ಯಾಪಾರಸ್ಥರಿಗೆ ಸಂಬಂಧಿಸಿದ್ದು. ಚಹಾಪುಡಿಗೆ ಯಾವುದೇ ಕೃತಕ ಬಣ್ಣ ಸೇರಿಸುವುದನ್ನು ಆಹಾರ ಸುರಕ್ಷತಾ ಕಾನೂನು ಒಪ್ಪುವುದಿಲ್ಲ. ಆದರೂ ಒಮ್ಮೆ ಬಳಸಿದ ಪುಡಿಯನ್ನು ಒಣಗಿಸಿ, ಬಣ್ಣ ಕಟ್ಟಿ, ಬಿಡಿಯಾಗಿ ಮಾರುವ ದಂಧೆ ದೇಶದ ಹಲವೆಡೆ ಸಿಕ್ಕಿಬಿದ್ದಿದೆ. 2024ರಲ್ಲಿ ಆಹಾರ ಸುರಕ್ಷತಾ ಅಧಿಕಾರಿಗಳು ಕೀಟನಾಶಕ ಹಾಗೂ ಬಣ್ಣದ ಶಂಕೆಯಿಂದ ಗದಗವೂ ಸೇರಿದಂತೆ ಉತ್ತರ ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ಚಹಾಪುಡಿಯ ಮಾದರಿಗಳನ್ನು ಸಂಗ್ರಹಿಸಿದ್ದರು. ಬಿಡಿ ಪುಡಿ ಮಾರುವ ನಮ್ಮ ಚಿಲ್ಲರೆ ವ್ಯಾಪಾರಿಗಳು ಕೊಳ್ಳುವಾಗ ಬಿಲ್ಲು ಪಡೆದು ಇಟ್ಟುಕೊಳ್ಳದಿದ್ದರೆ, ಮೇಲಿನವರು ಮಾಡಿದ ತಪ್ಪಿಗೆ ತಾವು ಉತ್ತರ ಹೇಳಬೇಕಾಗುತ್ತದೆ.

ಪರೀಕ್ಷೆ ಸುಲಭ. ಸೋಸುಕಾಗದದ ಮೇಲೆ ಚಿಟಿಕೆ ಪುಡಿ ಹರಡಿ, ನೀರು ಚಿಮುಕಿಸಿ, ಸ್ವಲ್ಪ ಹೊತ್ತಿನ ಬಳಿಕ ಪುಡಿಯನ್ನು ತೆಗೆದು ಕಾಗದವನ್ನು ನಳದ ಕೆಳಗೆ ತೊಳೆದು ಬೆಳಕಿಗೆ ಹಿಡಿಯಬೇಕು. ಶುದ್ಧ ಚಹಾ ಕಲೆ ಉಳಿಸುವುದಿಲ್ಲ. ಕೃತಕ ಬಣ್ಣವಿದ್ದರೆ ಕಪ್ಪುಗಂದು ಕಲೆ ನಿಲ್ಲುತ್ತದೆ. ಒಣ ಪುಡಿಯ ಮೇಲೆ ಅಯಸ್ಕಾಂತ ಆಡಿಸಿದರೆ ಕಬ್ಬಿಣದ ರಜ ಅಂಟಿಕೊಳ್ಳುತ್ತದೆ. ಇನ್ನೊಂದು ಗುರುತು, ಒಳ್ಳೆಯ ಚಹಾ ತಣ್ಣೀರಿನಲ್ಲಿ ಒಮ್ಮೆಲೇ ಬಣ್ಣ ಬಿಡುವುದಿಲ್ಲ. ಮೇಲೆ ಹೇಳಿದ ಕ್ರಮದಲ್ಲಿ ಎಲೆಯನ್ನು ತಣ್ಣೀರಿನಿಂದ ತೊಳೆಯುವಾಗಲೇ ನೀರು ಕೆಂಪಾಗಿ ಹರಿದರೆ ಆ ಎಲೆಯನ್ನು ಒಲೆಗೆ ಏರಿಸದಿರುವುದು ಲೇಸು.

ಖರ್ಚಿನ ಲೆಕ್ಕ

ವ್ಯಾಪಾರಸ್ಥರ ಪತ್ರಿಕೆಯಲ್ಲಿ ಲೆಕ್ಕವಿಲ್ಲದ ಲೇಖನ ಶೋಭಿಸದು. ಎಲೆ ಚಹಾಕ್ಕೆ ಕಿಲೋಗೆ 800 ರೂಪಾಯಿ ಎಂದು ಹಿಡಿಯೋಣ. 15 ಗ್ರಾಂಗೆ 12 ರೂಪಾಯಿ. ಅದರಿಂದ ಹನ್ನೆರಡು ಲೋಟ, ಎಂದರೆ ಲೋಟಕ್ಕೆ ಒಂದು ರೂಪಾಯಿ. ಸಕ್ಕರೆ ಹಾಕಿಕೊಂಡವರ ಲೋಟಕ್ಕೆ ಇನ್ನೊಂದು ಕಾಲು ರೂಪಾಯಿ. ಹಾಲಿನ ಚಹಾದಲ್ಲಿ ಲೋಟಕ್ಕೆ 50 ಮಿಲಿಲೀಟರ್ ಹಾಲು, ಲೀಟರಿಗೆ 50 ರೂಪಾಯಿ ಎಂದು ಹಿಡಿದರೆ ಹಾಲೊಂದಕ್ಕೇ ಎರಡೂವರೆ ರೂಪಾಯಿ ಆಗುತ್ತದೆ. ದರಗಳನ್ನು ಅವರವರ ಊರಿನಂತೆ ಬದಲಿಸಿಕೊಳ್ಳಬಹುದು. ದುಬಾರಿ ಎಲೆಯ ಕರಿ ಚಹಾ ಅಗ್ಗದ ಪುಡಿಯ ಹಾಲಿನ ಚಹಾಕ್ಕಿಂತ ಅಗ್ಗವೇ ಆಗುತ್ತದೆ. ಗ್ಯಾಸಿನ ಖರ್ಚು ಮಾತ್ರ ಗಮನಿಸಬೇಕು. ಒಲೆಯನ್ನು ದಿನವಿಡೀ ಉರಿಸಿಟ್ಟರೆ ಉಳಿತಾಯ ಗಾಳಿಗೆ ಹೋಗುತ್ತದೆ. ಅಂಗಡಿಯಲ್ಲಿ ಬಿಸಿನೀರನ್ನು ಫ್ಲಾಸ್ಕಿನಲ್ಲಿ ತುಂಬಿಟ್ಟು, ರಸವನ್ನು ಮಾತ್ರ ಹೊತ್ತು ಹೊತ್ತಿಗೆ ಹೊಸದಾಗಿ ಮಾಡುವುದು ಮೇಲು.

ತುರ್ಕಿಯ ಬಝಾರುಗಳಲ್ಲಿ ಅಂಗಡಿಯವರು ತಾವೇ ಚಹಾ ಮಾಡುವುದು ಕಡಿಮೆ. ಸಾಲಿಗೊಂದು ಚಹಾದ ಮನೆ ಇರುತ್ತದೆ. ಅಲ್ಲಿನ ಹುಡುಗರು ಮೂರು ಸರಪಳಿಗಳಿಗೆ ತೂಗುಹಾಕಿದ ದುಂಡು ತಟ್ಟೆಯಲ್ಲಿ ಲೋಟಗಳನ್ನಿಟ್ಟು, ಒಂದು ಹನಿ ಚೆಲ್ಲದೆ ಜನಜಂಗುಳಿಯಲ್ಲಿ ಓಡಾಡುತ್ತಾರೆ. ನಮ್ಮ ಮಾರುಕಟ್ಟೆಯ ತಂತಿಯ ಲೋಟದ ಬುಟ್ಟಿಯನ್ನು ಬಲ್ಲವರಿಗೆ ಇದು ಪರಿಚಿತ ದೃಶ್ಯ. ಲೆಕ್ಕದ ಕ್ರಮ ಮಾತ್ರ ನಮಗೆ ಹೊಸದು. ಅಂಗಡಿಯವರು ಚಹಾದ ಮನೆಯಿಂದ ಪ್ಲಾಸ್ಟಿಕ್ಕಿನ ಸಣ್ಣ ಬಿಲ್ಲೆಗಳನ್ನು ಮೊದಲೇ ಕೊಂಡಿಟ್ಟಿರುತ್ತಾರೆ. ಲೋಟಕ್ಕೊಂದು ಬಿಲ್ಲೆ ಕೊಟ್ಟರೆ ಮುಗಿಯಿತು. ತಿಂಗಳ ಕೊನೆಯಲ್ಲಿ ಗೋಡೆಯ ಮೇಲಿನ ಸೀಮೆಸುಣ್ಣದ ಗೀಟುಗಳನ್ನು ಎಣಿಸಿ “ಇಷ್ಟ ಹ್ಯಾಂಗಾತೊ?” ಎಂದು ಕೇಳುವ ಪ್ರಸಂಗ ಬರುವುದಿಲ್ಲ. ಚಹಾದಂಗಡಿಯವರಿಗೆ ಮುಂಗಡ ಹಣ ದೊರೆಯುತ್ತದೆ, ಉದ್ರಿ ಬಾಕಿ ಉಳಿಯುವುದಿಲ್ಲ. ನಮ್ಮ ಮಾರುಕಟ್ಟೆಯ ಒಂದು ಸಾಲಿನಲ್ಲಾದರೂ ಇದನ್ನು ಪ್ರಯೋಗಿಸಿ ನೋಡಬಹುದಲ್ಲವೇ?

ಗಾಜಿನ ಲೋಟದ ಪರವಾಗಿ ಇನ್ನೊಂದು ಮಾತು. ತೊಳೆಯುವ ತೊಂದರೆಯಿಲ್ಲವೆಂದು ನಮ್ಮಲ್ಲಿ ಕಾಗದದ ಕಪ್ಪುಗಳು ಹೆಚ್ಚಿವೆ. ಆ ಕಾಗದದ ಒಳಮೈಗೆ ಪ್ಲಾಸ್ಟಿಕ್ಕಿನ ತೆಳು ಲೇಪವಿರುತ್ತದೆ. ಅದರಲ್ಲಿ ಬಿಸಿ ಪಾನೀಯವನ್ನು ಹದಿನೈದು ನಿಮಿಷ ಇಟ್ಟರೆ 100 ಮಿಲಿಲೀಟರಿಗೆ ಸುಮಾರು 25,000 ಪ್ಲಾಸ್ಟಿಕ್ ಸೂಕ್ಷ್ಮಕಣಗಳು ಸೇರುತ್ತವೆಂದು ಖರಗಪುರದ ಐಐಟಿ ಸಂಶೋಧಕರು 2020ರಲ್ಲಿ ತಿಳಿಸಿದರು. ನಿಧಾನವಾಗಿ ಹೀರಬೇಕಾದ ಕರಿ ಚಹಾಕ್ಕೆ ಅಂತಹ ಕಪ್ಪು ತಕ್ಕುದಲ್ಲ.

ಕೊನೆಯದಾಗಿ ರಸದ ಆಯುಷ್ಯದ ವಿಷಯ. ಹದ ಬಂದ ರಸ ಅರ್ಧ ಗಂಟೆಯವರೆಗೆ ಚೆನ್ನಾಗಿರುತ್ತದೆ. ಆಮೇಲೆ ಕಪ್ಪಾಗಿ ಕಹಿ ಏರುತ್ತದೆ. ಹಳೆಯ ಎಲೆಯ ಮೇಲೆ ಮತ್ತೆ ನೀರು ಸುರಿದು ಎರಡನೆಯ ಬಾರಿ ತೆಗೆಯಬಾರದು. ಉಳಿದ ಎಲೆಯನ್ನು ಸಕ್ಕರೆ ಸೇರದಿರುವ ಕಾರಣ ಹಾಗೆಯೇ ಹೂವಿನ ಕುಂಡಕ್ಕೆ ಹಾಕಬಹುದು, ಇರುವೆ ಬರುವುದಿಲ್ಲ. ಅತಿಥಿಯ ಲೋಟ ಬರಿದಾದೊಡನೆ ಮತ್ತೆ ತುಂಬುವುದು ತುರ್ಕರ ಪದ್ಧತಿ. ಸಾಕೆನಿಸಿದವರು ಬಾಯಿಬಿಟ್ಟು ಬೇಡವೆನ್ನಬೇಕಾಗಿಲ್ಲ, ಚಮಚವನ್ನು ಲೋಟದ ಬಾಯಿಯ ಮೇಲೆ ಅಡ್ಡ ಇಟ್ಟರೆ ಮನೆಯವರಿಗೆ ತಿಳಿಯುತ್ತದೆ. ಇದನ್ನು ನಿಮ್ಮ ಅಂಗಡಿಯಲ್ಲಿ ರೂಢಿಗೆ ತರುವುದಾದರೆ ಬಂದವರಿಗೆ ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ನಮ್ಮವರು ಚಮಚವನ್ನು ಬಸಿಯಲ್ಲಿಯೇ ಬಿಟ್ಟು ಐದನೆಯ ಲೋಟದವರೆಗೂ ಸಂಕೋಚದಿಂದ ಕುಡಿಯುತ್ತ ಕುಳಿತಾರು.